ಮೊತ್ತ ಸರಿಯೇ? ಎಕ್ಸೆಲ್ ಲೆಕ್ಕದ ತಪ್ಪು ಹಿಡಿಯುವುದು ಹೀಗೆ

ಗಣೇಶೋತ್ಸವದ ವಂತಿಗೆ ಪಟ್ಟಿ. ಹತ್ತು ಮನೆ, ಮನೆಗೆ 500 ರೂಪಾಯಿ. ನೋಟು ಎಣಿಸಿದರೆ 5,000 ಸರಿಯಾಗಿದೆ; ಎಕ್ಸೆಲ್ ಮಾತ್ರ 4,500 ಎನ್ನುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಇಲ್ಲ. ಆಗಿದ್ದಿಷ್ಟೇ: ಯಾರೋ ರೂಢಿಯಂತೆ ಒಂದು ಕಡೆ ‘500/-’ ಎಂದು ಟೈಪ್ ಮಾಡಿದ್ದಾರೆ. ನಮಗದು ದುಡ್ಡು, ಎಕ್ಸೆಲ್‌ಗೆ ಬರೀ ಅಕ್ಷರ. ಹಾಗಾಗಿ ‘ಸಮ್’ ಅದನ್ನು ಸದ್ದಿಲ್ಲದೆ ಬಿಟ್ಟು ಕೂಡಿದೆ.

ಫಾರ್ಮುಲಾ ತಪ್ಪುಗಳಲ್ಲಿ ಎರಡು ಬಗೆ: ಕೂಗಿ ಹೇಳುವವು, ಬಾಯಿ ಬಿಡದವು. ಎರಡನ್ನೂ ಹಿಡಿಯುವ ದಾರಿ ಇಲ್ಲಿದೆ. (ಫಾರ್ಮುಲಾಗಳನ್ನು ಓದಲು ಅನುಕೂಲವಾಗಲೆಂದು ಕನ್ನಡದಲ್ಲಿ ಕೊಟ್ಟಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.)

1. ಸಂದೇಶ ಓದಿ

# ಗುರುತಿನ ಸಂದೇಶವೇ ಕಾರಣವನ್ನೂ ಹೇಳುತ್ತದೆ.

• #ಡಿವ್/0! – ಸೊನ್ನೆಯಿಂದ ಅಥವಾ ಖಾಲಿ ಸೆಲ್‌ನಿಂದ ಭಾಗಿಸಲಾಗಿದೆ.
• #ನೇಮ್? – ಫಂಕ್ಷನ್ ಹೆಸರಿನ ಸ್ಪೆಲ್ಲಿಂಗ್ ತಪ್ಪಿದೆ, ಇಲ್ಲವೇ ಪದಕ್ಕೆ ಉದ್ಧರಣ ಚಿಹ್ನೆ ಹಾಕಿಲ್ಲ.
• #ವ್ಯಾಲ್ಯೂ! – ಅಂಕಿ ಇರಬೇಕಾದಲ್ಲಿ ಅಕ್ಷರವಿದೆ.
• #ರೆಫ್! – ಫಾರ್ಮುಲಾ ನೆಚ್ಚಿಕೊಂಡಿದ್ದ ಸಾಲೋ ಕಾಲಮ್ಮೋ ಡಿಲೀಟ್ ಆಗಿದೆ. ಕೂಡಲೇ ಕಂಟ್ರೋಲ್+ಝಡ್ ಒತ್ತಿ.
• #ಎನ್/ಎ – ವಿ-ಲುಕಪ್ ಹುಡುಕಿದ ಹೆಸರು ಸಿಕ್ಕಿಲ್ಲ. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಬೀಳದ ಒಂದು ಸ್ಪೇಸ್ ಇದ್ದರೂ ಹೀಗಾಗುತ್ತದೆ; ‘ಟ್ರಿಮ್’ ಅದನ್ನು ತೆಗೆಯುತ್ತದೆ.
• ಬರೀ ##### – ಸಾಮಾನ್ಯವಾಗಿ ತಪ್ಪೇ ಅಲ್ಲ, ಕಾಲಂ ಇಕ್ಕಟ್ಟಾಗಿದೆ. ಅಗಲ ಮಾಡಿ.

2. ಮೂಲಕ್ಕೆ ಹೋಗಿ

ಒಂದು ಸೆಲ್ ಕೆಟ್ಟರೆ ಅದನ್ನು ನೆಚ್ಚಿದ ಸೆಲ್‌ಗಳೂ ಕೆಡುತ್ತವೆ. ತಪ್ಪು ಕಂಡ ಸೆಲ್‌ನಲ್ಲಿ ಎಫ್2 ಒತ್ತಿ. ಫಾರ್ಮುಲಾ ಬಳಸುವ ಸೆಲ್‌ಗಳ ಸುತ್ತ ಬಣ್ಣದ ಚೌಕಟ್ಟು ಮೂಡುತ್ತದೆ. ಉದ್ದದ ಫಾರ್ಮುಲಾ ಆದರೆ ‘ಫಾರ್ಮುಲಾಸ್’ ಟ್ಯಾಬ್‌ನ ‘ಇವ್ಯಾಲ್ಯುಯೇಟ್ ಫಾರ್ಮುಲಾ’ ತೆರೆಯಿರಿ. ಅದು ಲೆಕ್ಕವನ್ನು ಹಂತಹಂತವಾಗಿ ಬಿಡಿಸುತ್ತದೆ. ಎಲ್ಲಿ ಎಡವಿತು ಎಂಬುದು ಕಾಣುತ್ತದೆ.

3. ಅಂಕಿಗಳನ್ನು ಎಣಿಸಿ

ಬಾಯಿ ಬಿಡದ ತಪ್ಪಿಗೆ ಮದ್ದು ಎಣಿಕೆ. ವಂತಿಗೆ ಪಟ್ಟಿಯ ಪಕ್ಕದ ಖಾಲಿ ಸೆಲ್‌ನಲ್ಲಿ =ಕೌಂಟ್(ಬಿ2:ಬಿ11) ಎಂದು ಹಾಕಿ. ಅದು ಅಂಕಿಗಳನ್ನು ಮಾತ್ರ ಎಣಿಸುತ್ತದೆ. ಮನೆ ಹತ್ತು, ಉತ್ತರ 9 ಬಂದರೆ ಒಂದು ಸೆಲ್‌ನಲ್ಲಿ ಅಕ್ಷರ ಕುಳಿತಿದೆ ಅಥವಾ ಅದು ಖಾಲಿಯಿದೆ. ಅಲೈನ್‌ಮೆಂಟ್ ಬದಲಿಸಿರದಿದ್ದರೆ ಅಂಕಿ ಬಲಕ್ಕೆ, ಅಕ್ಷರ ಎಡಕ್ಕೆ ನಿಲ್ಲುತ್ತದೆ; ಹುಡುಕುವುದು ಸುಲಭ.

ಕಂಟ್ರೋಲ್+ಎಚ್ ಒತ್ತಿ, ‘/-’ ಹುಡುಕಿ, ಬದಲಿಗೆ ಏನನ್ನೂ ತುಂಬದೆ ‘ರಿಪ್ಲೇಸ್ ಆಲ್’ ಕೊಡಿ. ಮೊತ್ತ 5,000 ಆಗುತ್ತದೆ. ರೂಪಾಯಿ ಗುರುತು ಬೇಕಿದ್ದರೆ ಟೈಪ್ ಮಾಡಬೇಡಿ, ‘ಫಾರ್ಮ್ಯಾಟ್ ಸೆಲ್ಸ್’ನಲ್ಲಿ ಕರೆನ್ಸಿ ಆರಿಸಿ.

4. ಎಲ್ಲಿಂದ ಎಲ್ಲಿವರೆಗೆ?

ಎಸ್ಕೇಪ್ ಕೀಯ ಕೆಳಗಿರುವ ` ಕೀಯನ್ನು ಕಂಟ್ರೋಲ್ ಜೊತೆ ಒತ್ತಿದರೆ ಹಾಳೆಯ ಎಲ್ಲ ಫಾರ್ಮುಲಾಗಳೂ ತೆರೆದುಕೊಳ್ಳುತ್ತವೆ. ಪ್ರತಿ ಮೊತ್ತವೂ ಕೊನೆಯ ಸಾಲಿನವರೆಗೆ ಹೋಗಿದೆಯೇ ನೋಡಿ. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಸಾಲ–ಬೆಳವಣಿಗೆ ಕುರಿತು 2010ರಲ್ಲಿ ಪ್ರಕಟಿಸಿದ ಪ್ರಬಂಧದ ಎಕ್ಸೆಲ್ ಹಾಳೆಯಲ್ಲಿ ಸರಾಸರಿ 49ನೇ ಸಾಲಿನವರೆಗೆ ಹೋಗುವ ಬದಲು 44ಕ್ಕೇ ನಿಂತಿತ್ತು. ಐದು ದೇಶಗಳು ಲೆಕ್ಕದಿಂದ ಹೊರಗುಳಿದವು. 2013ರಲ್ಲಿ ಅದನ್ನು ಹಿಡಿದದ್ದು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ.

5. ತೇಪೆ ಕೊನೆಗೆ

‘ಇಫ್‌ಎರರ್’ ಬಳಸಿದರೆ # ಸಂದೇಶದ ಜಾಗದಲ್ಲಿ ಸೊನ್ನೆಯೋ ಖಾಲಿಯೋ ಕಾಣುತ್ತದೆ. ಹಾಳೆ ಚೆಂದವಾಗುತ್ತದೆ, ತಪ್ಪು ಅಲ್ಲೇ ಇರುತ್ತದೆ. ಕಾರಣ ಗೊತ್ತಾದ ಮೇಲಷ್ಟೇ ಹಾಕಿ.

ಕೂಗುವ ತಪ್ಪನ್ನು ಕಂಡು ಬೇಸರಿಸಬೇಡಿ, ಅದು ತಾನಾಗಿ ಸಿಕ್ಕಿಬೀಳುತ್ತದೆ. ಲೆಕ್ಕ ಒಪ್ಪಿಸುವ ಮುನ್ನ, # ಒಂದೂ ಇಲ್ಲದ ಹಾಳೆಯಲ್ಲೂ ‘ಕೌಂಟ್’ ಹಾಕಿ ಎಣಿಸಿ ನೋಡಿ.