ಗಡಿ ದಾಟುವ ಖರ್ಚು

ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯವರಿಗೆ ದೊಡ್ಡ ದವಾಖಾನೆ ಅಂದರೆ ಇವತ್ತಿಗೂ ಮಿರಜ. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ಡಾಕ್ಟರು ಅಲ್ಲಿ ಆಸ್ಪತ್ರೆ ತೆರೆದಾಗ ಜಮಖಂಡಿ, ಮಿರಜ, ಸಾಂಗಲಿ ಮೂರೂ ಪಟವರ್ಧನರ ಸಂಸ್ಥಾನಗಳು. 1956ರಲ್ಲಿ ನಡುವೆ ರಾಜ್ಯದ ಗಡಿ ಬಿತ್ತು, ರೋಗಿಗಳ ದಾರಿ ಬದಲಾಗಲಿಲ್ಲ. ಎಲುಬು ಮುರಿದವರು, ಕಿಡ್ನಿಯಲ್ಲಿ ಹರಳಾದವರು ಹೋದ ಅದೇ ದಾರಿಯಲ್ಲಿ ಈಗ ಮಕ್ಕಳಾಗದ ದಂಪತಿಗಳೂ ಹೋಗುತ್ತಾರೆ. ಜರ್ಮನಿಯ ಹೆಣ್ಣುಮಗಳು ಮಗುವಿಗಾಗಿ ಸ್ಪೇನಿಗೆ ಹೋಗುವುದಕ್ಕೂ ತೇರದಾಳದ ದಂಪತಿ ಕೃಷ್ಣೆ ದಾಟಿ ಮಿರಜಿಗೆ ಹೋಗುವುದಕ್ಕೂ ಕಾರಣಗಳು ಬಹಳ ಬೇರೆಯಲ್ಲ: ಕಾನೂನು, ದರ, ಗುಟ್ಟು. ಮೂರಕ್ಕೂ ರೊಕ್ಕ ಬೇಕು. ಆಸ್ಪತ್ರೆಯ ದರಪಟ್ಟಿಯಲ್ಲಿ ಕಾಣುವುದು ಮಾತ್ರ ಒಂದೇ.

ಮೊದಲು ದರ. ಟೆಸ್ಟ್ ಟ್ಯೂಬ್ ಬೇಬಿ ಎಂದು ಊರಲ್ಲಿ ಕರೆಯುವ ಐವಿಎಫ್‌ನ ಒಂದು ಸರ್ತಿಗೆ ನಮ್ಮ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಲಕ್ಷ ರೂಪಾಯಿ. ಮುಧೋಳದ ರೈತ ಇದನ್ನು ಕಬ್ಬಿನಲ್ಲಿ ಅಳೆಯುತ್ತಾನೆ. ಟನ್ನಿಗೆ 3,300 ರೂಪಾಯಿ ಹಿಡಿದರೆ ಎರಡು ಲಕ್ಷಕ್ಕೆ ಅರವತ್ತು ಟನ್ ಕಬ್ಬು ಬೇಕು. ಎಕರೆಗೆ ನಲವತ್ತು ಟನ್ ಬಂದರೆ ಒಂದೂವರೆ ಎಕರೆಯ ಪೂರ್ತಿ ಬೆಳೆ. ಬೀಜ, ಗೊಬ್ಬರದ ಖರ್ಚು ಇನ್ನೂ ಕಳೆದಿಲ್ಲ.

ರೊಕ್ಕ ಬರುವ ಹೊತ್ತಿಗೂ ಚಿಕಿತ್ಸೆಯ ಹೊತ್ತಿಗೂ ತಾಳೆಯಾಗುವುದಿಲ್ಲ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಮುಟ್ಟಿಸಿದ 14 ದಿನದೊಳಗೆ ಕಾರ್ಖಾನೆ ಬಿಲ್ಲು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಬಿಲ್ಲು ತಡವಾದದ್ದು ಎಲ್ಲರಿಗೂ ನೆನಪಿದೆ, ಬಡ್ಡಿ ಕೈಗೆ ಬಂದ ನೆನಪು ಯಾರಿಗಿದೆಯೋ! ಚಿಕಿತ್ಸೆ ಶುರುವಾಗುವುದು ಮುಟ್ಟಿನ ಎರಡು-ಮೂರನೆಯ ದಿನ. ಅದು ಕಾರ್ಖಾನೆಯ ಬಿಲ್ಲಿಗಾಗಿ ಕಾಯುವುದಿಲ್ಲ. ಹಾಗಾಗಿ ಬಂಗಾರದ ಪಾಟಲಿ, ಬೋರಮಾಳ ಅಡವಾಗಿ ಸೊಸೈಟಿಯ ತಿಜೋರಿ ಸೇರುತ್ತವೆ. ಬೀಳಗಿ ಕಡೆ ಆಲಮಟ್ಟಿಯ ಹಿನ್ನೀರಿಗೆ ಹೊಲ ಕೊಟ್ಟ ಮನೆಗಳಲ್ಲಿ ಪರಿಹಾರದ ದುಡ್ಡು ಮುಟ್ಟಿದಾಗ ಎಷ್ಟೋ ವರ್ಷದಿಂದ ಮುಂದೂಡಿದ ಕೆಲಸಗಳೆಲ್ಲ ಒಟ್ಟಿಗೇ ಏಳುತ್ತವೆ: ಮನೆ, ಮದುವೆ, ಸಾಲ, ಜೊತೆಗೆ ಇದೂ.

ಈ ಅಂಕಣಕಾರ ಬನಹಟ್ಟಿಯ ಮಗ್ಗದ ಮನೆಯವನು. ಅವನೂ ಹೆಂಡತಿಯೂ ಇದೇ ದಾರಿ ತುಳಿದವರು. ಆಗಿನ ಖರ್ಚಿನ ವಹಿ ಇನ್ನೂ ಮನೆಯಲ್ಲಿದೆ. ಅದರಲ್ಲಿ ಆಸ್ಪತ್ರೆಯ ಪ್ಯಾಕೇಜು ಒಂದೇ ಸಾಲು. ಅದರ ಕೆಳಗಿನ ಸಾಲುಗಳೇ ಉದ್ದ. ಅಂಡಾಣು ಬೆಳೆಯಲೆಂದು ಹತ್ತು-ಹನ್ನೆರಡು ದಿನ ಚುಚ್ಚುವ ಇಂಜೆಕ್ಷನ್ನುಗಳು ಪ್ಯಾಕೇಜಿನೊಳಗೆ ಇರಲಿಲ್ಲ, ಔಷಧಿ ಅಂಗಡಿಯ ಬಿಲ್ಲೇ ಬೇರೆ. ಅವನ್ನು ಫ್ರಿಜ್ಜಿನ ತಂಪಿನಲ್ಲೇ ಇಡಬೇಕು. ಮಿರಜದಿಂದ ಬಸ್ಸಿನಲ್ಲಿ ತರುವಾಗ ಅಗಲ ಬಾಯಿಯ ಥರ್ಮಾಸಿನಲ್ಲಿ ಐಸ್ ತುಂಬಿ, ಡಬ್ಬಿ ನೆನೆಯದಂತೆ ಪ್ಲಾಸ್ಟಿಕ್ ಸುತ್ತಿ, ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತದ್ದು. ಪಕ್ಕದವರು "ಥರ್ಮಾಸಿನ್ಯಾಗ ಏನೈತ್ರಿ?" ಅಂದರೆ "ಮಜ್ಜಿಗಿ" ಎಂಬ ಉತ್ತರ ತಯಾರಿತ್ತು. ಅಂಡಾಣು ಹೊರತೆಗೆಯುವ ಸುಮಾರು 36 ತಾಸು ಮೊದಲು ಕೊಡುವ ಕೊನೆಯ ಇಂಜೆಕ್ಷನ್ ಗಡಿಯಾರ ನೋಡಿ ಕೊಡುವಂಥದು. ಅದು ರಾತ್ರಿ ಬೀಳುತ್ತದೆ, ಆ ಹೊತ್ತಿಗೆ ಊರಿಗೆ ವಾಪಸು ಬಸ್ಸಿಲ್ಲ. ಹೀಗಾಗಿ ವಹಿಯಲ್ಲಿ ಲಾಡ್ಜಿನ ಬಾಡಿಗೆ.

ವಹಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ ಮಾತು "ಮಗ್ಗ ಬಂದ್". ಪಾವರ್‌ಲೂಮಿನಲ್ಲಿ ಕೂಲಿಗೆ ನೇಯುವವನಿಗೆ ರಜೆಯ ಪಗಾರ ಅನ್ನುವುದು ಇಲ್ಲ. ನೇಯ್ದ ಸೀರೆಗಷ್ಟೇ ಮಜೂರಿ. ಗಂಡ ಹೆಂಡತಿ ಇಬ್ಬರೂ ಮಿರಜಿಗೆ ಹೋದ ದಿನ ಬಸ್ ಚಾರ್ಜು ಹೋದದ್ದು ಕಾಣುತ್ತದೆ, ಎರಡು ಕೈಗಳ ದುಡಿಮೆ ಹೋದದ್ದು ವಾರದ ಬಟವಾಡೆಯಲ್ಲಿ ಕಾಣುತ್ತದೆ.

ಒಂದೇ ಸಲಕ್ಕೆ ಕೆಲಸವಾದರೆ ಸರಿ. ಬ್ರಿಟನ್ನಿನ ಐವಿಎಫ್ ನಿಯಂತ್ರಣ ಸಂಸ್ಥೆಯ 2022ರ ಲೆಕ್ಕ ನೋಡಿದರೆ 35ರೊಳಗಿನ ಹೆಂಗಸರಲ್ಲೂ ಗರ್ಭಕ್ಕೆ ಬಿಟ್ಟ ಭ್ರೂಣಗಳಲ್ಲಿ ಮಗುವಾಗುವುದು ಸುಮಾರು ಮೂರರಲ್ಲಿ ಒಂದು. 43 ದಾಟಿದರೆ ನೂರಕ್ಕೆ ಐದರ ಆಸುಪಾಸು. ಅಂದರೆ ರೊಕ್ಕ ಹೊಂದಿಸುವವರು ಎರಡನೆಯ ಸರ್ತಿಯ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಉಳಿದ ಭ್ರೂಣಗಳನ್ನು ಶೀತಲದಲ್ಲಿಡಲು ವರ್ಷದ ಬಾಡಿಗೆ ಎಷ್ಟು, ಮುಂದೆ ಅವನ್ನು ಗರ್ಭಕ್ಕೆ ಬಿಡಲು ಎಷ್ಟು ಎಂಬುದನ್ನು ಮುಂಗಡ ಕಟ್ಟುವ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು.

ಇನ್ನು ಕಾನೂನು. ಅಂಡದಾನವನ್ನು ಜರ್ಮನಿ 1990ರ ಭ್ರೂಣ ರಕ್ಷಣಾ ಕಾಯ್ದೆಯಿಂದ ನಿಷೇಧಿಸಿದೆ, ಸ್ಪೇನ್ ದಾನಿಯ ಹೆಸರು ಗುಟ್ಟಾಗಿಟ್ಟು ಅನುಮತಿಸುತ್ತದೆ. ಬ್ರಿಟನ್ನಿನಲ್ಲಿ 2005ರ ಏಪ್ರಿಲ್‌ನಿಂದ ದಾನಿಯ ಗುರುತು ಮಗುವಿಗೆ 18 ತುಂಬಿದಾಗ ಸಿಗುತ್ತದೆ. ಗುರುತು ಬೇಡವೆನ್ನುವವರು ಸ್ಪೇನಿನ ವಿಮಾನ ಹತ್ತುತ್ತಾರೆ. ಭಾರತಕ್ಕೂ ಹೀಗೆ ಜನ ಬರುತ್ತಿದ್ದರು. ಬಾಡಿಗೆ ತಾಯ್ತನಕ್ಕೆ ಗುಜರಾತಿನ ಆಣಂದ ಹೊರದೇಶಗಳಲ್ಲೂ ಹೆಸರಾಗಿತ್ತು. 2015ರಲ್ಲಿ ವಿದೇಶಿಯರಿಗೆ ಬಾಗಿಲು ಮುಚ್ಚಿತು, 2022ರ ಜನವರಿ 25ರಂದು ಜಾರಿಗೆ ಬಂದ ಕಾಯ್ದೆ ದುಡ್ಡಿನ ಬಾಡಿಗೆ ತಾಯ್ತನವನ್ನೇ ನಿಲ್ಲಿಸಿತು. ಅದೇ ದಿನ ಜಾರಿಯಾದ ಇನ್ನೊಂದು ಕಾಯ್ದೆ ಐವಿಎಫ್‌ಗೆ ಹೆಂಗಸಿಗೆ 50, ಗಂಡಸಿಗೆ 55ರ ಮಿತಿ ಹಾಕಿತು. ದಾನಿ ಜೀವಮಾನದಲ್ಲಿ ಒಮ್ಮೆ ಮಾತ್ರ, ಏಳಕ್ಕಿಂತ ಹೆಚ್ಚಿಲ್ಲದಂತೆ ಅಂಡಾಣು ಕೊಡಬಹುದು, ಅದೂ ಒಂದೇ ದಂಪತಿಗೆ. ಒಬ್ಬ ದಾನಿಯ ಖರ್ಚು ಹಲವರಲ್ಲಿ ಹಂಚಿಹೋಗುವ ದಾರಿ ಹೀಗೆ ಮುಚ್ಚಿತು. ಈಗ ಪೂರ್ತಿ ಭಾರ ಒಂದೇ ಮನೆಯ ಮೇಲೆ.

ಉಲ್ಟಾ ದಿಕ್ಕಿನ ಪಯಣವೂ ಉಂಟು. ಅಮೆರಿಕದಲ್ಲಿ ಔಷಧಿ ಸೇರಿ ಒಂದು ಸರ್ತಿಗೆ 15 ಸಾವಿರ ಡಾಲರಿಗಿಂತ ಕಡಿಮೆ ಬೀಳುವುದು ಅಪರೂಪ. ನಮ್ಮ ಹಣದಲ್ಲಿ 12 ಲಕ್ಷದ ಮೇಲೆ. ಅಲ್ಲಿ ನೌಕರಿಯಲ್ಲಿರುವ ಈ ಸೀಮೆಯ ಇಂಜಿನಿಯರಿಗೆ ಇಬ್ಬರ ವಿಮಾನದ ಟಿಕೆಟು, ಬೆಂಗಳೂರಿನ ಆಸ್ಪತ್ರೆ ಎಲ್ಲ ಸೇರಿದರೂ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ. ತವರಿನ ಊಟ, ಅವ್ವನ ಆರೈಕೆ ಪುಕ್ಕಟೆ. ಅವರಿಗೆ ಕಡಿಮೆ ಬೀಳುವುದು ರಜೆ.

ಇಲ್ಲಿಯವರಿಗೆ ವಿಮೆಯ ಆಸರೆಯೂ ಕಡಿಮೆ. ಆರೋಗ್ಯ ವಿಮೆಯ ಪತ್ರದಲ್ಲಿ "ಎಕ್ಸ್‌ಕ್ಲೂಶನ್ 17" ಎಂಬ ಕಲಂ ಹುಡುಕಿ ನೋಡಿ: ಬಂಜೆತನದ ಚಿಕಿತ್ಸೆ ಹೊರಗೆ ಎಂದಿರುತ್ತದೆ. ಕೆಲವು ಹೊಸ ಪಾಲಿಸಿಗಳು ಕಾಯುವ ಅವಧಿ ಹಾಕಿ ಸ್ವಲ್ಪ ಕೊಡುತ್ತವೆ. ಆಯುಷ್ಮಾನ್ ಭಾರತದಲ್ಲೂ ಇದಿಲ್ಲ. ಸರ್ಕಾರಿ ಗೋವಾ ಮೆಡಿಕಲ್ ಕಾಲೇಜಿನಲ್ಲಿ 2023ರಲ್ಲಿ ಉಚಿತ ಐವಿಎಫ್ ಶುರುವಾದ ಸುದ್ದಿ ಓದಿದಾಗ ಬನಹಟ್ಟಿಯಲ್ಲಿ ಕೆಲವರು ಬಸ್ಸಿನ ವೇಳೆ ವಿಚಾರಿಸಿದ್ದು ಸುಳ್ಳಲ್ಲ.

ಉಳಿದದ್ದು ಗುಟ್ಟು. ಇಂಜೆಕ್ಷನ್ನಿನ ದಿನಗಳ ನಡುವಿನ ಸ್ಕ್ಯಾನುಗಳನ್ನು ಊರ ಹತ್ತಿರವೇ ಮಾಡಿಸಿ ವರದಿ ವಾಟ್ಸಾಪಿನಲ್ಲಿ ಕಳಿಸಿದರೆ ಸಾಕೆನ್ನುವ ಡಾಕ್ಟರುಗಳಿದ್ದಾರೆ. ಕೇಳಿ ನೋಡಬೇಕು, ಹಲವು ದಿನದ ಮಜೂರಿ ಉಳಿಯುತ್ತದೆ. ಅಂಕಣಕಾರನ ಮನೆಯಲ್ಲೂ ಆ ಮಾತು ಬಂದಿತ್ತು. "ಇಲ್ಲೇ ಮಾಡಿಸಿದ್ರ ಹೊತ್ತು ಮುಳುಗೂದರಾಗ ಓಣಿಗೆಲ್ಲಾ ಗೊತ್ತಾಗತೈತಿ," ಅಂದಳು ಹೆಂಡತಿ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಚೀಟಿ ಹರಿಯುವ ಹುಡುಗಿ ಅತ್ತೆಯ ತವರಿನವಳೆಂದು ಅಷ್ಟರಲ್ಲಿ ತಿಳಿಯಿತು. ಮರುದಿನ ನಸುಕಿನ ಬಸ್ಸಿಗೇ ಮಿರಜ. ಆ ಹೆಚ್ಚುವರಿ ಖರ್ಚನ್ನು ವಹಿಯಲ್ಲಿ "ಬಸ್ ಚಾರ್ಜು" ಎಂದೇ ಬರೆದಿದೆ.