ವಿಶಾಲ ವ್ಯಾಪ್ತಿಯ ವೈರಸ್ ನಿರೋಧಕ ಔಷಧಗಳು: ಪರೀಕ್ಷೆಗೆ ಮುಖ್ಯಾಂಶಗಳು

ಏನಿದು?
ಒಂದೇ ವೈರಸ್‌ಗೆ ಸೀಮಿತವಾಗದೆ ಹಲವು ವೈರಸ್‌ಗಳನ್ನು ತಡೆಯುವ ಔಷಧ. ಹೊಸ ರೋಗ ಕಾಣಿಸಿಕೊಂಡ ಮೇಲೆ ಔಷಧ ಹುಡುಕಲು ವರ್ಷಗಳು ಹಿಡಿಯುತ್ತವೆ. ಅಷ್ಟರಲ್ಲಿ ಜೀವಗಳು ಹೋಗಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ತನ್ನ ಆದ್ಯತಾ ರೋಗಗಳ ಪಟ್ಟಿಗೆ ‘ಡಿಸೀಸ್ ಎಕ್ಸ್’ ಸೇರಿಸಿದ್ದು, ಇನ್ನೂ ಹೆಸರಿಲ್ಲದ ರೋಗಕ್ಕೂ ಸಿದ್ಧತೆ ಇರಲಿ ಎಂದೇ.

ಏಕೆ ಕಷ್ಟ?
ಬ್ಯಾಕ್ಟೀರಿಯಾಕ್ಕೆ ತನ್ನದೇ ಕೋಶಭಿತ್ತಿ, ರೈಬೋಸೋಮ್ ಇವೆ. ಆ್ಯಂಟಿಬಯೋಟಿಕ್‌ಗಳು ಹೊಡೆಯುವುದು ಅವುಗಳನ್ನೇ. ವೈರಸ್ ಬೆಳೆಯುವುದು ನಮ್ಮ ಜೀವಕೋಶದ ಸಾಮಗ್ರಿಯಿಂದ. ಹಾಗಾಗಿ ಅದಕ್ಕೆ ಕೊಟ್ಟ ಪೆಟ್ಟು ರೋಗಿಗೂ ತಗಲಬಹುದು.

ಮುಖ್ಯ ಗುರಿ
ಆರ್‌ಎನ್‌ಎ ಅವಲಂಬಿತ ಆರ್‌ಎನ್‌ಎ ಪಾಲಿಮರೇಸ್. ಎಬೋಲಾ, ನಿಪಾ, ಡೆಂಗಿ, ಕೊರೊನಾ ಎಲ್ಲಕ್ಕೂ ತಮ್ಮ ಪ್ರತಿ ತೆಗೆಯಲು ಈ ಕಿಣ್ವ ಬೇಕು. ಎಚ್‌ಐವಿ ಆರ್‌ಎನ್‌ಎ ವೈರಸ್ಸಾದರೂ ಬಳಸುವುದು ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್. ಬಹುಆಯ್ಕೆ ಪ್ರಶ್ನೆಯಲ್ಲಿ ಎಡವುವುದು ಇಲ್ಲೇ. ವೈರಸ್ಸನ್ನು ಬಿಟ್ಟು, ಅದು ಬಳಸಿಕೊಳ್ಳುವ ನಮ್ಮ ಜೀವಕೋಶದ ಪ್ರೋಟೀನನ್ನೇ ತಡೆಯುವುದು ಇನ್ನೊಂದು ದಾರಿ. ಅದರಲ್ಲಿ ಅಡ್ಡಪರಿಣಾಮದ ಭಯ ಹೆಚ್ಚು.

ರೆಮ್‌ಡೆಸಿವಿರ್: ಚೆನ್ನಾಗಿ ಓದಿಕೊಳ್ಳಬೇಕಾದ ಉದಾಹರಣೆ
ತಯಾರಿಸಿದ್ದು ಅಮೆರಿಕದ ಗಿಲಿಯಡ್ ಕಂಪನಿ. ಇದು ಆರ್‌ಎನ್‌ಎ ಸರಪಳಿಯ ‘ಅಕ್ಷರ’ಗಳಲ್ಲೊಂದಾದ ಅಡಿನೋಸಿನ್ ಹೋಲುವ ಅಣು. ಕೊರೊನಾ ವೈರಸ್‌ಗೆ ತಪ್ಪು ತಿದ್ದುವ ಕಿಣ್ವವೂ ಇರುವುದರಿಂದ ನಕಲಿ ಅಕ್ಷರ ಸೇರಿದರೆ ಕಿತ್ತುಹಾಕುತ್ತದೆ. ರೆಮ್‌ಡೆಸಿವಿರ್ ಸೇರಿದ ಕೂಡಲೇ ಸರಪಳಿ ನಿಲ್ಲುವುದಿಲ್ಲ. ಇನ್ನೂ ಮೂರು ಅಕ್ಷರ ಸೇರಿದ ಮೇಲೆ ನಿಲ್ಲುತ್ತದೆ. ಅಷ್ಟರಲ್ಲಿ ತಿದ್ದುವ ಕಿಣ್ವಕ್ಕೆ ಅದು ಸುಲಭವಾಗಿ ಸಿಗುವುದಿಲ್ಲ.

ಕಾಂಗೋದ ಎಬೋಲಾ ಪ್ರಯೋಗದಲ್ಲಿ (2018–19) ಪ್ರತಿಕಾಯ ಔಷಧಗಳ ಮುಂದೆ ಇದು ಹಿಂದೆ ಬಿತ್ತು. ಆದರೆ ಔಷಧ ಕೈಯಲ್ಲಿ ಸಿದ್ಧವಿತ್ತು. ಅದಕ್ಕೇ 2020ರಲ್ಲಿ ಕೋವಿಡ್ ಬಂದಾಗ ತಕ್ಷಣ ಪ್ರಯೋಗ ಆರಂಭಿಸಲಾಯಿತು. ಅಮೆರಿಕದ ಪ್ರಯೋಗದಲ್ಲಿ ಚೇತರಿಕೆಯ ಅವಧಿ 15 ದಿನದಿಂದ 10ಕ್ಕೆ ಇಳಿಯಿತು. 2020ರ ಅಕ್ಟೋಬರ್‌ನಲ್ಲಿ ಅಲ್ಲಿನ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಅದೇ ತಿಂಗಳು ಹೊರಬಂದ ವಿಶ್ವ ಆರೋಗ್ಯ ಸಂಸ್ಥೆಯ ‘ಸಾಲಿಡಾರಿಟಿ’ ಪ್ರಯೋಗದ ಮಧ್ಯಂತರ ಫಲಿತಾಂಶದಲ್ಲಿ ಸಾವು ತಗ್ಗಿದ್ದು ಕಾಣಲಿಲ್ಲ. ಉತ್ತರದಲ್ಲಿ ಎರಡನ್ನೂ ಬರೆಯಿರಿ. ಒಂದನ್ನೇ ಬರೆದರೆ ಅರ್ಧಸತ್ಯವಾಗುತ್ತದೆ.

ಇತರ ಹೆಸರುಗಳು
• ರಿಬಾವಿರಿನ್: ಲಾಸಾ ಜ್ವರ, ಹೆಪಟೈಟಿಸ್ ಸಿ.
• ಫ್ಯಾವಿಪಿರಾವಿರ್: ಜಪಾನ್, 2014, ಇನ್‌ಫ್ಲುಯೆಂಜಾ. ಭ್ರೂಣಕ್ಕೆ ಹಾನಿಯ ಅಪಾಯವಿರುವುದರಿಂದ ಗರ್ಭಿಣಿಯರಿಗೆ ನಿಷಿದ್ಧ.
• ಮೊಲ್ನುಪಿರಾವಿರ್: ನುಂಗುವ ಮಾತ್ರೆ, ಪ್ರತಿಯಲ್ಲಿ ತಪ್ಪುಗಳನ್ನು ತುಂಬಿ ವೈರಸ್ಸನ್ನು ಕೆಡಿಸುತ್ತದೆ. 2021ರ ನವೆಂಬರ್‌ನಲ್ಲಿ ಮೊದಲು ಒಪ್ಪಿದ್ದು ಬ್ರಿಟನ್.

ನೆನಪಿಡಿ: ಈ ಔಷಧಗಳು ಫಲ ಕೊಡುವುದು ಸೋಂಕಿನ ಆರಂಭದ ದಿನಗಳಲ್ಲಿ. ರೋಗ ಬಲಿತ ಮೇಲೆ ಹಾನಿ ಮಾಡುವುದು ವೈರಸ್ ಒಂದೇ ಅಲ್ಲ, ದೇಹದ ಉರಿಯೂತವೂ ಹೌದು.

ನಮ್ಮ ಮಲೆನಾಡು
1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯಿಂದ ಹರಡುತ್ತದೆ. ಇದರ ವೈರಸ್ ಡೆಂಗಿಯ ಫ್ಲೇವಿವೈರಸ್ ಕುಟುಂಬದ್ದೇ. ಅರವತ್ತು ವರ್ಷ ದಾಟಿದರೂ ಇದಕ್ಕೆಂದೇ ಒಪ್ಪಿಗೆ ಪಡೆದ ವೈರಸ್ ನಿರೋಧಕ ಔಷಧವಿಲ್ಲ. ರೋಗಿಗೆ ಸಿಗುವುದು ಇಂದಿಗೂ ಪೂರಕ ಚಿಕಿತ್ಸೆ ಮಾತ್ರ.