ಫ್ಯಾನ್ ಬೆಲ್ಟ್ ಬದಲಾಯಿಸುವ ಕ್ರಮ

ತೋಟಕ್ಕೆ ಗೊಬ್ಬರ ಹೊರುವ ಜೀಪಿನಲ್ಲೇ ನಾವು ಒಮ್ಮೊಮ್ಮೆ 1478 ಮೀಟರ್ ಎತ್ತರದ ನಂದಿ ಬೆಟ್ಟವನ್ನೂ ಹತ್ತುತ್ತೇವೆ. ಏರಿನಲ್ಲಿ ಫ್ಯಾನ್ ಬೆಲ್ಟ್ ತುಂಡಾದರೆ ನೀರಿನ ಪಂಪು ನಿಂತು ಎಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಆಲ್ಟರ್ನೇಟರಿಗೇ ವ್ಯಾಕ್ಯೂಮ್ ಪಂಪು ಕೂಡಿಸಿರುವ ಡೀಸೆಲ್ ಗಾಡಿಗಳಲ್ಲಿ ಇಳಿಜಾರಿನಲ್ಲೇ ಬ್ರೇಕ್ ಪೆಡಲ್ ಗಟ್ಟಿಯಾಗುವ ಅಪಾಯವೂ ಉಂಟು. ಆದ್ದರಿಂದ ಬಿರುಕು ಬಿಟ್ಟ, ಅಂಚು ಸವೆದ, ಕಿರುಗುಟ್ಟುವ ಬೆಲ್ಟನ್ನು ಮನೆಯಲ್ಲಿದ್ದಾಗಲೇ ಬದಲಾಯಿಸೋಣ.

ಎಂಜಿನ್ ತಣ್ಣಗಾದ ಮೇಲೆ ಕೀಲಿ ತೆಗೆದು, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಆಲ್ಟರ್ನೇಟರಿನ ಬೋಲ್ಟುಗಳನ್ನು ಸಡಿಲಿಸಿ ಎಂಜಿನ್ ಕಡೆಗೆ ತಳ್ಳಿದರೆ ಹಳೆಯ ಬೆಲ್ಟ್ ಕಳಚುತ್ತದೆ. ಪುಲ್ಲಿಗಳ ಜಿಡ್ಡು ಒರೆಸಿ, ಅದೇ ನಂಬರಿನ ಹೊಸ ಬೆಲ್ಟ್ ಕೂರಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಿ ಹಾಕಿದರೆ ಒಳನೂಲು ಹರಿಯುತ್ತದೆ. ನಂತರ ಆಲ್ಟರ್ನೇಟರನ್ನು ಮರದ ತುಂಡಿನಿಂದ ಹೊರಕ್ಕೆ ಒತ್ತಿ ಹಿಡಿದು ಬೋಲ್ಟು ಬಿಗಿಯಬೇಕು. ಬೆಲ್ಟಿನ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ಹೆಚ್ಚು ಬಿಗಿಯಾದರೆ ಬೇರಿಂಗ್ ಹಾಳು, ಸಡಿಲವಾದರೆ ಬೆಲ್ಟ್ ಜಾರುತ್ತದೆ. ಹೊಸ ಬೆಲ್ಟ್ ಹಿಗ್ಗುವುದರಿಂದ ಕೆಲವು ದಿನ ಓಡಿಸಿದ ಮೇಲೆ ಮತ್ತೆ ಪರೀಕ್ಷಿಸಬೇಕು.

ತಾನೇ ಬಿಗಿದುಕೊಳ್ಳುವ ಟೆನ್ಷನರ್ ಇರುವ ಹೊಸ ಕಾರುಗಳಿಗೆ ಅವುಗಳ ಕೈಪಿಡಿಯ ಕ್ರಮವೇ ಸರಿ. ಟೈಮಿಂಗ್ ಬೆಲ್ಟ್ ಬೇರೆಯದು. ಅದನ್ನು ಮೆಕ್ಯಾನಿಕ್ಕಿಗೇ ಬಿಡೋಣ. ಬೆಟ್ಟ ಹತ್ತುವ ಮುನ್ನ ಒಂದು ಹೆಚ್ಚಿನ ಬೆಲ್ಟೂ ತಕ್ಕ ಸ್ಪ್ಯಾನರೂ ಗಾಡಿಯಲ್ಲಿರಲಿ.